ಮೊದಲ ಮಹಾಯುದ್ಧ: ಹುಟ್ಟು, ಹಾದಿ ಮತ್ತು ಉಳಿಸಿಹೋದ ಲೆಕ್ಕ

1914ರ ಜುಲೈ ಕೊನೆಯಿಂದ 1918ರ ನವೆಂಬರ್‌ವರೆಗೆ ನಡೆದ ಮೊದಲ ಮಹಾಯುದ್ಧದಲ್ಲಿ ಸುಮಾರು 90 ಲಕ್ಷದಿಂದ ಒಂದು ಕೋಟಿ ಸೈನಿಕರು ಸತ್ತರು. ಹಸಿವು, ರೋಗ, ಹತ್ಯಾಕಾಂಡಗಳಿಗೆ ಬಲಿಯಾದ ನಾಗರಿಕರ ಸಂಖ್ಯೆಯೂ ಹಲವು ದಶಲಕ್ಷ. ಜರ್ಮನಿ, ಆಸ್ಟ್ರಿಯಾ-ಹಂಗೇರಿ, ರಷ್ಯಾ, ಒಟ್ಟೊಮನ್ (ತುರ್ಕಿ) ಎಂಬ ನಾಲ್ಕು ಸಾಮ್ರಾಜ್ಯಗಳು ಈ ಯುದ್ಧದಲ್ಲಿ ನೆಲಕಚ್ಚಿದವು. ಯೂರೋಪಿನ ಒಂದು ಮೂಲೆಯಲ್ಲಿ ಹೊತ್ತಿಕೊಂಡ ಜಗಳ ಆಫ್ರಿಕಾ, ಪಶ್ಚಿಮ ಏಷ್ಯಾ, ಚೀನಾದ ಕರಾವಳಿ ಮತ್ತು ಅಟ್ಲಾಂಟಿಕ್ ಸಾಗರದವರೆಗೆ ಹಬ್ಬಿತು. ಮೈಸೂರು ಸಂಸ್ಥಾನದ ಕುದುರೆ ಸವಾರರು ಪ್ಯಾಲೆಸ್ಟೈನಿನ ಬೆಟ್ಟ ಹತ್ತಿದ್ದೂ ಇದೇ ಯುದ್ಧದಲ್ಲಿ. ಇಷ್ಟು ದೊಡ್ಡ ಅನಾಹುತಕ್ಕೆ ಕಾರಣವೇನು, ಅದು ಹೇಗೆ ಸಾಗಿತು, ತಡೆಯಲು ಸಾಧ್ಯವಿರಲಿಲ್ಲವೇ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಈ ಲೇಖನದ ಉದ್ದೇಶ.

ಯುದ್ಧಕ್ಕೆ ಮೊದಲಿನ ಯೂರೋಪ್

1870-71ರ ಯುದ್ಧದಲ್ಲಿ ಪ್ರಷ್ಯಾ ಮತ್ತು ಅದರ ಜೊತೆಗಿದ್ದ ಜರ್ಮನ್ ರಾಜ್ಯಗಳು ಫ್ರಾನ್ಸನ್ನು ಸೋಲಿಸಿದವು. ಆ ಗೆಲುವಿನ ಬೆನ್ನಲ್ಲೇ ಜರ್ಮನ್ ಸಾಮ್ರಾಜ್ಯ ಹುಟ್ಟಿತು. ಫ್ರಾನ್ಸಿನ ಆಲ್ಸಾಸ್ ಪ್ರಾಂತ್ಯ ಮತ್ತು ಲೊರೇನ್ ಪ್ರಾಂತ್ಯದ ಒಂದು ಭಾಗ ಜರ್ಮನಿಯ ವಶವಾದವು. ಈ ನಷ್ಟವನ್ನು ಫ್ರೆಂಚರು ಮರೆಯಲಿಲ್ಲ. ಫ್ರಾನ್ಸಿಗೆ ಗೆಳೆಯರೇ ಸಿಗದಂತೆ ನೋಡಿಕೊಳ್ಳುವುದು ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್‌ನ ರಾಜನೀತಿಯ ತಿರುಳಾಗಿತ್ತು. 1882ರಲ್ಲಿ ಜರ್ಮನಿ, ಆಸ್ಟ್ರಿಯಾ-ಹಂಗೇರಿ, ಇಟಲಿಗಳ ತ್ರಿಪಕ್ಷ ಕೂಟ ಏರ್ಪಟ್ಟಿತು. ರಷ್ಯಾದೊಡನೆಯೂ ಬಿಸ್ಮಾರ್ಕ್ ಸಂಬಂಧ ಕಡಿದುಕೊಳ್ಳಲಿಲ್ಲ.

1890ರಲ್ಲಿ ಬಿಸ್ಮಾರ್ಕ್ ಅಧಿಕಾರದಿಂದ ಇಳಿದ ಮೇಲೆ ಈ ಸಮತೋಲ ಕೆಟ್ಟಿತು. ಜರ್ಮನಿಯ ಚಕ್ರವರ್ತಿ ಕೈಸರ್ ಎರಡನೆಯ ವಿಲ್‌ಹೆಲ್ಮ್‌ನ ಸರ್ಕಾರ ರಷ್ಯಾದೊಂದಿಗಿದ್ದ ಒಪ್ಪಂದವನ್ನು ನವೀಕರಿಸಲಿಲ್ಲ. ಒಂಟಿಯಾಗಿದ್ದ ರಷ್ಯಾ ಮತ್ತು ಒಂಟಿಯಾಗಿದ್ದ ಫ್ರಾನ್ಸ್ 1894ರ ಹೊತ್ತಿಗೆ ಮಿತ್ರರಾದವು. ಬ್ರಿಟನ್ 1904ರಲ್ಲಿ ಫ್ರಾನ್ಸಿನೊಡನೆ, 1907ರಲ್ಲಿ ರಷ್ಯಾದೊಡನೆ ವಸಾಹತುಗಳ ತಕರಾರುಗಳನ್ನು ಬಗೆಹರಿಸಿಕೊಂಡಿತು. ಹೀಗೆ ಯೂರೋಪಿನ ದೊಡ್ಡ ಶಕ್ತಿಗಳು ಎರಡು ಬಣಗಳಾಗಿ ಒಡೆದವು. ಪ್ರತಿಯೊಂದು ಬಣವೂ ತನ್ನದು ರಕ್ಷಣೆಗಾಗಿ ಕಟ್ಟಿಕೊಂಡ ಕೂಟ ಎಂದಿತು, ಎದುರಿನದನ್ನು ತನ್ನನ್ನು ಸುತ್ತುವರಿಯುವ ಸಂಚು ಎಂದು ಬಗೆಯಿತು.

ಇದರ ಜೊತೆಗೇ ಶಸ್ತ್ರಾಸ್ತ್ರಗಳ ಪೈಪೋಟಿ ನಡೆದಿತ್ತು. ಸಮುದ್ರದ ಒಡೆತನವೇ ಬ್ರಿಟನ್ನಿನ ಜೀವಾಳ. ಜರ್ಮನಿ ದೊಡ್ಡ ನೌಕಾಪಡೆ ಕಟ್ಟಲು ಹೊರಟದ್ದನ್ನು ಅದು ಸಹಿಸಲಿಲ್ಲ. 1906ರಲ್ಲಿ ಬ್ರಿಟನ್ 'ಡ್ರೆಡ್‌ನಾಟ್' ಎಂಬ ಹೊಸ ಮಾದರಿಯ ಯುದ್ಧನೌಕೆಯನ್ನು ನೀರಿಗಿಳಿಸಿತು. ಹಳೆಯ ನೌಕೆಗಳೆಲ್ಲ ಒಮ್ಮೆಲೇ ಸಪ್ಪೆಯಾದವು, ಸ್ಪರ್ಧೆ ಹೊಸದಾಗಿ ಶುರುವಾಯಿತು. ಮೊರೊಕ್ಕೊ ಯಾರ ಪ್ರಭಾವಕ್ಕೆ ಸೇರಬೇಕೆಂಬ ಪ್ರಶ್ನೆ 1905ರಲ್ಲೂ 1911ರಲ್ಲೂ ಫ್ರಾನ್ಸ್ ಮತ್ತು ಜರ್ಮನಿಗಳನ್ನು ಯುದ್ಧದ ಅಂಚಿಗೆ ತಂದಿತ್ತು. ಎರಡು ಸಲವೂ ಮಾತುಕತೆಯಿಂದ ಗಂಡಾಂತರ ತಪ್ಪಿತು. ಈ ಸಂಗತಿ ಮುಖ್ಯ. ಬಣಗಳು, ಸೈನ್ಯಗಳು, ವೈಷಮ್ಯಗಳು ಇದ್ದೂ ಶಾಂತಿ ಉಳಿದಿತ್ತು. ಈ ಹಿನ್ನೆಲೆ ಯುದ್ಧವನ್ನು ಸುಲಭವಾಗಿಸಿತೇ ಹೊರತು ಅನಿವಾರ್ಯವಾಗಿಸಲಿಲ್ಲ.

ಬಾಲ್ಕನ್ನಿನ ಕಗ್ಗಂಟು

ಆಗ್ನೇಯ ಯೂರೋಪಿನ ಬಾಲ್ಕನ್ ಪ್ರದೇಶ ಶತಮಾನಗಳ ಕಾಲ ಒಟ್ಟೊಮನ್ ಆಳ್ವಿಕೆಯಲ್ಲಿತ್ತು. ಆ ಸಾಮ್ರಾಜ್ಯ ಹಿಂದೆ ಸರಿದಂತೆಲ್ಲ ಖಾಲಿಯಾದ ಜಾಗಕ್ಕೆ ಸಣ್ಣ ರಾಷ್ಟ್ರಗಳೂ ದೊಡ್ಡ ಶಕ್ತಿಗಳೂ ಮುಗಿಬಿದ್ದವು. 1908ರಲ್ಲಿ ಆಸ್ಟ್ರಿಯಾ-ಹಂಗೇರಿ ಬೋಸ್ನಿಯಾವನ್ನು ಅಧಿಕೃತವಾಗಿ ತನ್ನ ರಾಜ್ಯಕ್ಕೆ ಸೇರಿಸಿಕೊಂಡಿತು. ಬೋಸ್ನಿಯಾದಲ್ಲಿ ಸರ್ಬ್ ಜನ ಬಹಳ ಮಂದಿ ಇದ್ದುದರಿಂದ ನೆರೆಯ ಸರ್ಬಿಯಾ ಕುದಿಯಿತು. ಸರ್ಬಿಯಾದ ಬೆನ್ನಿಗಿದ್ದ ರಷ್ಯಾ ಜಪಾನಿನಿಂದ ಆಗಷ್ಟೇ ಸೋತು ಬಳಲಿತ್ತು. ಬೇರೆ ದಾರಿ ಕಾಣದೆ ಅದು ಸುಮ್ಮನಾಯಿತಾದರೂ ಇನ್ನೊಮ್ಮೆ ತಲೆಬಾಗಕೂಡದೆಂದು ಅದರ ಮಂತ್ರಿಗಳು ನಿಶ್ಚಯಿಸಿದರು.

1912-13ರ ಎರಡು ಬಾಲ್ಕನ್ ಯುದ್ಧಗಳಲ್ಲಿ ಸರ್ಬಿಯಾದ ವಿಸ್ತೀರ್ಣ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಹತ್ತಕ್ಕೂ ಹೆಚ್ಚು ಭಾಷಿಕ ಸಮುದಾಯಗಳನ್ನು ಒಂದೇ ಸಿಂಹಾಸನದ ಕೆಳಗೆ ಹಿಡಿದಿಟ್ಟುಕೊಂಡಿದ್ದ ಆಸ್ಟ್ರಿಯಾ-ಹಂಗೇರಿಗೆ ಇದು ಪ್ರಾಣಸಂಕಟ. ಸರ್ಬಿಯಾದ ಬೆಳವಣಿಗೆಯನ್ನು ಕಂಡು ಸರ್ಬರ ಬಳಗಕ್ಕೇ ಸೇರಿದ ತನ್ನ ಸ್ಲಾವ್ ಪ್ರಜೆಗಳೂ ಸಿಡಿದೇಳುತ್ತಾರೆ ಎಂದು ಅದು ಅಂಜಿತು. ಸರ್ಬಿಯಾಕ್ಕೆ ತಕ್ಕ ಪಾಠ ಕಲಿಸಬೇಕೆಂಬ ಗುಂಪು ರಾಜಧಾನಿ ವಿಯೆನ್ನಾದಲ್ಲಿ ಬಲವಾಯಿತು. ಅವರಿಗೆ ಬೇಕಿದ್ದದ್ದು ಒಂದು ನೆಪ.

ಸರಾಯೆವೊದ ಗುಂಡು

1914ರ ಜೂನ್ 28ರಂದು ಆಸ್ಟ್ರಿಯಾ-ಹಂಗೇರಿಯ ಯುವರಾಜ ಫ್ರಾಂಟ್ಸ್ ಫರ್ಡಿನಾಂಡ್ ಮತ್ತು ಪತ್ನಿ ಸೋಫಿ ಬೋಸ್ನಿಯಾದ ರಾಜಧಾನಿ ಸರಾಯೆವೊಗೆ ಬಂದರು. ಅವರನ್ನು ಕೊಲ್ಲಲು ಯುವಕರ ಒಂದು ತಂಡ ದಾರಿಯುದ್ದಕ್ಕೂ ಕಾದಿತ್ತು. ಸರ್ಬಿಯಾದ ಸೇನಾಧಿಕಾರಿಗಳಿದ್ದ 'ಕಪ್ಪು ಕೈ' ಎಂಬ ಗುಪ್ತಸಂಘಟನೆ ಈ ತಂಡಕ್ಕೆ ಆಯುಧ ಕೊಟ್ಟಿತ್ತು. ಬೆಳಿಗ್ಗೆ ಒಬ್ಬ ಎಸೆದ ಬಾಂಬು ಯುವರಾಜನ ಕಾರಿಗೆ ತಗಲದೆ ಹಿಂದಿನ ಕಾರಿನವರನ್ನು ಗಾಯಗೊಳಿಸಿತು. ಪುರಭವನದ ಸ್ವಾಗತ ಮುಗಿಸಿ, ಆ ಗಾಯಾಳುಗಳನ್ನು ನೋಡಲು ಆಸ್ಪತ್ರೆಗೆ ಹೊರಟಾಗ ಚಾಲಕ ತಪ್ಪು ರಸ್ತೆಗೆ ತಿರುಗಿದ. ಕಾರು ನಿಂತ ಜಾಗದಲ್ಲೇ ಹತ್ತೊಂಬತ್ತರ ಹರೆಯದ ಗವ್ರಿಲೊ ಪ್ರಿನ್ಸಿಪ್ ಇದ್ದ. ಅವನು ಹಾರಿಸಿದ ಎರಡು ಗುಂಡುಗಳಿಗೆ ದಂಪತಿ ಬಲಿಯಾದರು.

ಇಪ್ಪತ್ತು ವರ್ಷ ತುಂಬಿರದ ಕಾರಣ ಪ್ರಿನ್ಸಿಪ್‌ಗೆ ಗಲ್ಲುಶಿಕ್ಷೆ ಆಗಲಿಲ್ಲ. 1918ರ ಏಪ್ರಿಲ್‌ನಲ್ಲಿ ಅವನು ಸೆರೆಮನೆಯಲ್ಲಿ ಕ್ಷಯರೋಗದಿಂದ ತೀರಿಕೊಂಡ. ಆದರೆ ಮಹಾಯುದ್ಧದ ಹೊಣೆಯನ್ನೆಲ್ಲ ಈ ಹುಡುಗನ ಮೇಲೆ ಹೊರಿಸಲಾಗದು. ಹತ್ಯೆಗೂ ಯುದ್ಧ ಘೋಷಣೆಗೂ ನಡುವೆ ಒಂದು ತಿಂಗಳ ಅಂತರವಿದೆ. ನಿಜವಾದ ತೀರ್ಮಾನಗಳು ನಡೆದದ್ದು ಆ ತಿಂಗಳಲ್ಲಿ, ರಾಜಧಾನಿಗಳ ಮಂತ್ರಾಲೋಚನೆಯ ಕೋಣೆಗಳಲ್ಲಿ.

ಜುಲೈ ತಿಂಗಳ ತೀರ್ಮಾನಗಳು

ಜುಲೈ 5 ಮತ್ತು 6ರಂದು ಕೈಸರ್ ವಿಲ್‌ಹೆಲ್ಮ್ ಮತ್ತು ಆತನ ಚಾನ್ಸಲರ್, ಸರ್ಬಿಯಾದ ಮೇಲೆ ಏನೇ ಕ್ರಮ ಕೈಗೊಂಡರೂ ಜರ್ಮನಿ ಬೆನ್ನಿಗಿರುತ್ತದೆ ಎಂದು ಆಸ್ಟ್ರಿಯಾಕ್ಕೆ ಮಾತು ಕೊಟ್ಟರು. ಮೊತ್ತ ಬರೆಯದೆ ಸಹಿ ಹಾಕಿಕೊಟ್ಟ ಚೆಕ್ಕಿನಂಥ ಭರವಸೆ ಅದು. ಈ ಬಲದ ಮೇಲೆ ಆಸ್ಟ್ರಿಯಾ ಜುಲೈ 23ರಂದು ಸರ್ಬಿಯಾಕ್ಕೆ 48 ಗಂಟೆಗಳ ಗಡುವಿನ ಅಂತಿಮ ಪತ್ರ ಕಳಿಸಿತು. ಸರ್ಬಿಯಾದ ನೆಲದಲ್ಲಿ ನಡೆಯುವ ತನಿಖೆಯಲ್ಲಿ ಆಸ್ಟ್ರಿಯಾದ ಅಧಿಕಾರಿಗಳೂ ಭಾಗವಹಿಸಬೇಕೆಂಬ ಷರತ್ತು ಅದರಲ್ಲಿತ್ತು. ಯಾವ ಸ್ವತಂತ್ರ ರಾಷ್ಟ್ರವೂ ಸುಲಭವಾಗಿ ಒಪ್ಪಲಾರದ ಬೇಡಿಕೆ ಅದು. ಒಪ್ಪಬಾರದೆಂದೇ ಆ ಪತ್ರವನ್ನು ಬರೆದಿದ್ದರು.

ಸರ್ಬಿಯಾ ಹೆಚ್ಚಿನ ಬೇಡಿಕೆಗಳಿಗೆ ಒಪ್ಪಿ, ತನಿಖೆಯ ಷರತ್ತಿಗೆ ಮಾತ್ರ ಆಕ್ಷೇಪ ಎತ್ತಿತು. ಜುಲೈ 28ರ ಬೆಳಿಗ್ಗೆ ಆ ಉತ್ತರವನ್ನು ಓದಿದ ಕೈಸರ್, ಇನ್ನು ಯುದ್ಧಕ್ಕೆ ಕಾರಣವೇ ಉಳಿಯಲಿಲ್ಲವೆಂದು ಷರಾ ಬರೆದ. ಆದರೆ ಅದೇ ದಿನ ಆಸ್ಟ್ರಿಯಾ ಯುದ್ಧ ಘೋಷಿಸಿಬಿಟ್ಟಿತ್ತು. ಮರುದಿನವೇ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್ ಮೇಲೆ ಗುಂಡಿನ ಮಳೆಗರೆಯಿತು.

ಮುಂದೆ ನಡೆದದ್ದರಲ್ಲಿ ರೈಲ್ವೆ ವೇಳಾಪಟ್ಟಿಗಳ ಪಾತ್ರ ದೊಡ್ಡದು. ಆ ಕಾಲದ ಸೈನ್ಯಗಳಲ್ಲಿ ಲಕ್ಷಾಂತರ ಮೀಸಲು ಸೈನಿಕರನ್ನು ಕರೆಸಿ, ಸಾವಿರಾರು ರೈಲುಗಳಲ್ಲಿ ಗಡಿಗೆ ಸಾಗಿಸಬೇಕಿತ್ತು. ಯಾರು ಒಂದು ದಿನ ತಡಮಾಡುತ್ತಾರೋ ಅವರು ಸೋಲುತ್ತಾರೆ ಎಂಬ ನಂಬಿಕೆ ಸೇನಾನಿಗಳಲ್ಲಿ ಬೇರೂರಿತ್ತು. ರಷ್ಯಾದ ಝಾರ್ ಎರಡನೆಯ ನಿಕೊಲಸ್ ಮತ್ತು ಕೈಸರ್ ಸೋದರ ಸಂಬಂಧಿಗಳು. ಇಬ್ಬರೂ ಆ ದಿನಗಳಲ್ಲಿ ತಂತಿ ಮೂಲಕ ಪರಸ್ಪರ ಬೇಡಿಕೊಂಡರು. ಜುಲೈ 29ರಂದು ಝಾರ್ ಪೂರ್ಣ ಸೈನ್ಯ ಸಜ್ಜಿಕೆಯ ಆಜ್ಞೆಯನ್ನು ಹಿಂದಕ್ಕೆ ಪಡೆದ. ಅರೆಬರೆ ಸಜ್ಜಿಕೆಯಿಂದ ಇಡೀ ಯೋಜನೆ ಗೊಂದಲಕ್ಕೀಡಾಗುತ್ತದೆಂದು ಸೇನಾಧಿಕಾರಿಗಳು ಒತ್ತಾಯಿಸಿದಾಗ 30ರಂದು ಮತ್ತೆ ಆಜ್ಞೆ ಹೊರಡಿಸಿದ. ಆಗಸ್ಟ್ 1ರಂದು ಜರ್ಮನಿ ರಷ್ಯಾದ ಮೇಲೆ ಯುದ್ಧ ಸಾರಿತು.

ಅದೇ ಸಂಜೆ ಬರ್ಲಿನ್ನಿನಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಬ್ರಿಟನ್ ತಟಸ್ಥವಾಗಿ ಉಳಿಯಬಹುದೆಂಬ ಸುದ್ದಿ ಲಂಡನ್ನಿನಿಂದ ಬಂದಾಗ ಕೈಸರ್ ಹಿಗ್ಗಿ, ಸೈನ್ಯವನ್ನೆಲ್ಲ ಪಶ್ಚಿಮದ ಬದಲು ಪೂರ್ವಕ್ಕೆ ತಿರುಗಿಸುವಂತೆ ಹೇಳಿದ. ಲಕ್ಷಾಂತರ ಜನರ ಸಾಗಣೆಯ ಯೋಜನೆಯನ್ನು ಹಾಗೆ ನಿಂತ ಕಾಲಿನಲ್ಲಿ ಬದಲಿಸಲು ಬರುವುದಿಲ್ಲವೆಂದು ಮುಖ್ಯ ಸೇನಾನಿ ಮೊಲ್ಟ್ಕೆ ಉತ್ತರಿಸಿದ. ಬಂದ ಸುದ್ದಿಯೂ ತಪ್ಪೆಂದು ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು. ದೊರೆಗಳು ತಾವೇ ಒಪ್ಪಿಕೊಂಡಿದ್ದ ಯೋಜನೆಗಳಿಗೆ ತಾವೇ ಸೆರೆಯಾಗಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆಗಸ್ಟ್ 3ರಂದು ಜರ್ಮನಿ ಫ್ರಾನ್ಸಿನ ಮೇಲೆ ಯುದ್ಧ ಘೋಷಿಸಿ, ಮರುದಿನ ಬೆಲ್ಜಿಯಂ ಗಡಿ ದಾಟಿತು. 1839ರ ಲಂಡನ್ ಒಪ್ಪಂದದಲ್ಲಿ ಬೆಲ್ಜಿಯಂನ ತಟಸ್ಥತೆಗೆ ಬ್ರಿಟನ್ ಮತ್ತು ಪ್ರಷ್ಯಾ ಎರಡೂ ಹೊಣೆ ನಿಂತಿದ್ದವು. ಆಗಸ್ಟ್ 4ರ ರಾತ್ರಿ ಬ್ರಿಟನ್ ಯುದ್ಧಕ್ಕಿಳಿಯಿತು. ಬ್ರಿಟನ್ ಇಳಿದದ್ದೆಂದರೆ ಭಾರತ, ಆಸ್ಟ್ರೇಲಿಯಾ, ಕೆನಡಾ, ದಕ್ಷಿಣ ಆಫ್ರಿಕಾಗಳೂ ಇಳಿದ ಹಾಗೆ. ಭಾರತೀಯರನ್ನು ಯಾರೂ ಕೇಳಲಿಲ್ಲ.

ಆರು ವಾರಗಳ ಯೋಜನೆ, ನಾಲ್ಕು ವರ್ಷಗಳ ಕಂದಕ

ಪೂರ್ವದಲ್ಲಿ ರಷ್ಯಾ, ಪಶ್ಚಿಮದಲ್ಲಿ ಫ್ರಾನ್ಸ್ ಎಂಬ ಇಕ್ಕಟ್ಟಿನಿಂದ ಪಾರಾಗಲು ಜರ್ಮನ್ ಸೇನಾನಿ ಶ್ಲೀಫೆನ್ ಬಹಳ ಹಿಂದೆಯೇ ಒಂದು ಉಪಾಯ ಹೂಡಿದ್ದ. ಬೆಲ್ಜಿಯಂ ಮೂಲಕ ನುಗ್ಗಿ ಸುಮಾರು ಆರು ವಾರಗಳಲ್ಲಿ ಫ್ರಾನ್ಸನ್ನು ಮಣಿಸುವುದು, ಆಮೇಲೆ ನಿಧಾನವಾಗಿ ಸಜ್ಜಾಗುವ ರಷ್ಯಾದ ಕಡೆ ತಿರುಗುವುದು. ಈ ಲೆಕ್ಕ ತಪ್ಪಿತು. ಬೆಲ್ಜಿಯಂ ಎದುರಿಸಿ ನಿಂತಿತು. ಜರ್ಮನ್ ಪಡೆಗಳು ಅಲ್ಲಿ ಸಾವಿರಾರು ನಾಗರಿಕರನ್ನು ಕೊಂದವು, ಲೂವೆನ್ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಸುಟ್ಟವು. ಸೆಪ್ಟೆಂಬರ್ ಮೊದಲ ಭಾಗದಲ್ಲಿ ಪ್ಯಾರಿಸ್ಸಿಗೆ ಅನತಿ ದೂರದ ಮಾರ್ನ್ ನದಿಯ ಬಳಿ ಫ್ರೆಂಚ್ ಮತ್ತು ಬ್ರಿಟಿಷ್ ಸೇನೆಗಳು ತಿರುಗಿಬಿದ್ದು ಜರ್ಮನ್ನರನ್ನು ಹಿಮ್ಮೆಟ್ಟಿಸಿದವು.

ಹಿಂದೆ ಸರಿದ ಜರ್ಮನ್ ಸೈನ್ಯ ನೆಲ ಅಗೆದು ಕಂದಕಗಳಲ್ಲಿ ಕುಳಿತಿತು. ಎದುರಾಳಿಗಳೂ ಹಾಗೇ ಮಾಡಿದರು. ವರ್ಷದ ಕೊನೆಯ ಹೊತ್ತಿಗೆ ಉತ್ತರ ಸಮುದ್ರದಿಂದ ಸ್ವಿಟ್ಜರ್‌ಲೆಂಡ್ ಗಡಿಯವರೆಗೆ ಸುಮಾರು 700 ಕಿಲೋಮೀಟರ್ ಉದ್ದಕ್ಕೆ ಎರಡು ಸಾಲು ಕಂದಕಗಳು ಎದುರುಬದುರಾದವು. ನಡುವೆ ಮುಳ್ಳುತಂತಿ, ಕೆಸರು, ಹೆಣಗಳಿದ್ದ ಬಯಲು. ಮಶೀನ್ ಗನ್ ಮತ್ತು ವೇಗವಾಗಿ ಗುಂಡುಹಾರಿಸುವ ಫಿರಂಗಿಗಳು ರಕ್ಷಣೆಗಿದ್ದವರಿಗೆ ಅಪಾರ ಬಲ ಕೊಟ್ಟವು. ದಾಳಿಗೆ ಎದ್ದವರು ಬಯಲಿನಲ್ಲೇ ಉರುಳಿದರು. ಎಲ್ಲೋ ಒಂದು ಕಡೆ ಎದುರಾಳಿಯ ಸಾಲು ಮುರಿದರೂ, ನಡೆದು ಹೋಗುವ ದಾಳಿಕೋರರಿಗಿಂತ ಬೇಗ ಎದುರಾಳಿಯ ಮೀಸಲು ಪಡೆ ರೈಲಿನಲ್ಲಿ ಬಂದು ಆ ಬಿರುಕನ್ನು ಮುಚ್ಚುತ್ತಿತ್ತು. ಮೂರೂವರೆ ವರ್ಷ ಈ ಗೆರೆ ಕೆಲವೇ ಕಿಲೋಮೀಟರ್‌ಗಳಷ್ಟು ಅತ್ತಿತ್ತ ಸರಿದದ್ದಕ್ಕೆ ಕಾರಣ ಇದು.

ಈ ಬಿಕ್ಕಟ್ಟು ಮುರಿಯಲು ಹೊಸ ಆಯುಧಗಳು ಬಂದವು. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನಿ ಭಾರಿ ಪ್ರಮಾಣದಲ್ಲಿ ಕ್ಲೋರಿನ್ ಅನಿಲ ಬಿಟ್ಟಿತು. ಆ ಪ್ರಯೋಗದ ಮುಂದಾಳು ಫ್ರಿಟ್ಸ್ ಹಾಬರ್. ಗಾಳಿಯ ಸಾರಜನಕದಿಂದ ಅಮೋನಿಯ ತಯಾರಿಸುವ, ಇಂದಿಗೂ ರಸಗೊಬ್ಬರಕ್ಕೆ ಆಧಾರವಾಗಿರುವ ವಿಧಾನವನ್ನು ಕಂಡುಹಿಡಿದವನೂ ಅವನೇ. ಬೇಗನೆ ಎರಡೂ ಬಣಗಳು ವಿಷಾನಿಲ ಬಳಸತೊಡಗಿದವು. 1916ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷರು ಮೊದಲ ಬಾರಿಗೆ ಟ್ಯಾಂಕುಗಳನ್ನು ಕಣಕ್ಕಿಳಿಸಿದರು.

ಪೂರ್ವ ರಣರಂಗ ಮತ್ತು ಹಬ್ಬಿದ ಬೆಂಕಿ

ಪೂರ್ವದಲ್ಲಿ ಬಯಲು ವಿಶಾಲವಾಗಿದ್ದುದರಿಂದ ಸೈನ್ಯಗಳು ನೂರಾರು ಕಿಲೋಮೀಟರ್ ಹಿಂದೆ ಮುಂದೆ ಓಡಾಡಿದವು. 1914ರ ಆಗಸ್ಟ್ ಕೊನೆಯಲ್ಲಿ ಟಾನೆನ್‌ಬರ್ಗ್‌ನಲ್ಲಿ ಹಿಂಡೆನ್‌ಬರ್ಗ್ ಮತ್ತು ಲುಡೆನ್‌ಡಾರ್ಫ್ ನಾಯಕತ್ವದ ಜರ್ಮನ್ನರು ರಷ್ಯಾದ ಒಂದು ಇಡೀ ಸೇನೆಯನ್ನು ನಾಶಮಾಡಿದರು. 1915ರಲ್ಲಿ ರಷ್ಯಾ ಪೋಲೆಂಡನ್ನೇ ಬಿಟ್ಟು ಹಿಂದೆ ಸರಿಯಬೇಕಾಯಿತು. ಅದೇ ವರ್ಷದ ಕೊನೆಗೆ ಸರ್ಬಿಯಾ ಸಂಪೂರ್ಣವಾಗಿ ಶತ್ರುವಶವಾಯಿತು.

ಏತನ್ಮಧ್ಯೆ ಹೊಸ ದೇಶಗಳು ಯುದ್ಧಕ್ಕೆ ಬಂದವು. ಜಪಾನ್ 1914ರ ಆಗಸ್ಟ್‌ನಲ್ಲೇ ಬ್ರಿಟನ್ನಿನ ಪಕ್ಷ ಸೇರಿ ಚೀನಾದಲ್ಲಿದ್ದ ಜರ್ಮನ್ ನೆಲೆ ಚಿಂಗ್‌ದಾವನ್ನು ಕಿತ್ತುಕೊಂಡಿತು. ಒಟ್ಟೊಮನ್ ಸಾಮ್ರಾಜ್ಯ ಜರ್ಮನಿಯ ಕಡೆ ಸೇರಿತು. ತ್ರಿಪಕ್ಷ ಕೂಟದಲ್ಲಿದ್ದ ಇಟಲಿ 1915ರ ಮೇ ತಿಂಗಳಲ್ಲಿ ಪಕ್ಷ ಬದಲಿಸಿ ಆಸ್ಟ್ರಿಯಾದ ಮೇಲೆಯೇ ಯುದ್ಧ ಹೂಡಿತು. ರಷ್ಯಾಕ್ಕೆ ಸಮುದ್ರದಾರಿ ತೆರೆಯಲು ಮಿತ್ರಪಕ್ಷ (ಬ್ರಿಟನ್, ಫ್ರಾನ್ಸ್ ಮತ್ತು ಅವುಗಳ ಜೊತೆಗಾರರು) 1915ರ ಏಪ್ರಿಲ್ 25ರಂದು ಒಟ್ಟೊಮನ್ ನೆಲವಾದ ಗಲಿಪೊಲಿಯಲ್ಲಿ ಸೈನ್ಯ ಇಳಿಸಿತಾದರೂ ತುರ್ಕರ ದಿಟ್ಟ ಪ್ರತಿರೋಧದ ಮುಂದೆ ಸೋತು 1916ರ ಜನವರಿಯಲ್ಲಿ ಜಾಗ ಖಾಲಿ ಮಾಡಿತು.

ಒಟ್ಟೊಮನ್ ಸರ್ಕಾರ 1915ರಿಂದ ತನ್ನದೇ ಪ್ರಜೆಗಳಾದ ಆರ್ಮೇನಿಯನ್ನರನ್ನು ಊರುಬಿಡಿಸಿ ಸಿರಿಯಾದ ಮರುಭೂಮಿಗೆ ಅಟ್ಟಿತು. ಹತ್ಯೆ, ಹಸಿವು, ನೀರಡಿಕೆಗಳಿಂದ ಲಕ್ಷಾಂತರ ಜನ ಸತ್ತರು. ಹತ್ತು ಲಕ್ಷದ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಎಂದು ಬಹುಪಾಲು ಇತಿಹಾಸಕಾರರು ಅಂದಾಜಿಸುತ್ತಾರೆ. ಇಪ್ಪತ್ತನೆಯ ಶತಮಾನದ ಮೊದಲ ದೊಡ್ಡ ನರಮೇಧಗಳಲ್ಲಿ ಇದೂ ಒಂದು.

1916: ವೆರ್ಡನ್ ಮತ್ತು ಸೊಮ್

1916ರ ಫೆಬ್ರವರಿ 21ರಂದು ಜರ್ಮನಿ ಫ್ರಾನ್ಸಿನ ವೆರ್ಡನ್ ಕೋಟೆಪ್ರದೇಶದ ಮೇಲೆ ದಾಳಿ ಆರಂಭಿಸಿತು. ಡಿಸೆಂಬರ್‌ವರೆಗೆ ನಡೆದ ಈ ಕಾಳಗದಲ್ಲಿ ಎರಡೂ ಕಡೆ ಸೇರಿ ಸುಮಾರು ಮೂರು ಲಕ್ಷ ಮಂದಿ ಸತ್ತರು. ಗೆರೆ ಕೊನೆಗೆ ಸುಮಾರಾಗಿ ಮೊದಲಿದ್ದಲ್ಲಿಗೇ ಬಂತು. ವೆರ್ಡನ್ ಮೇಲಿನ ಒತ್ತಡ ತಗ್ಗಿಸಲು ಬ್ರಿಟಿಷರೂ ಫ್ರೆಂಚರೂ ಜುಲೈ 1ರಂದು ಸೊಮ್ ನದಿಯ ಬಳಿ ದಾಳಿ ಮಾಡಿದರು. ವಾರವಿಡೀ ನಡೆದ ಫಿರಂಗಿ ದಾಳಿಯಿಂದ ಜರ್ಮನ್ ಮುಳ್ಳುತಂತಿಯೂ ಕಂದಕಗಳೂ ನುಚ್ಚುನೂರಾಗಿವೆ ಎಂದು ಸೇನಾನಿಗಳು ನಂಬಿದ್ದರು. ಆಳದ ನೆಲಮಾಳಿಗೆಗಳಲ್ಲಿ ಅಡಗಿದ್ದ ಜರ್ಮನ್ನರು ಮೇಲೆದ್ದು ಬಂದು ಮಶೀನ್ ಗನ್ ಹೂಡಿದರು. ಆ ಒಂದೇ ದಿನ ಬ್ರಿಟಿಷ್ ಸೇನೆಯ 57,470 ಮಂದಿ ಸಾವುನೋವಿಗೆ ಈಡಾದರು. ಅವರಲ್ಲಿ 19,240 ಮಂದಿ ಸತ್ತವರು. ನವೆಂಬರ್‌ನಲ್ಲಿ ಸೊಮ್ ಕಾಳಗ ನಿಂತಾಗ ಎರಡೂ ಕಡೆಯ ಸಾವುನೋವು ಹತ್ತು ಲಕ್ಷ ದಾಟಿತ್ತು, ಮಿತ್ರಪಕ್ಷ ಮುಂದೆ ಸರಿದದ್ದು ಸುಮಾರು ಹತ್ತು ಕಿಲೋಮೀಟರ್ ಮಾತ್ರ.

ಸಮುದ್ರ ಮತ್ತು ಹಸಿವು

ಬ್ರಿಟಿಷ್ ನೌಕಾಪಡೆ ಜರ್ಮನಿಯ ಬಂದರುಗಳಿಗೆ ದಿಗ್ಬಂಧನ ಹಾಕಿತು. ಆಹಾರ, ಗೊಬ್ಬರ, ಕಚ್ಚಾವಸ್ತುಗಳ ಆಮದು ನಿಂತಿತು. 1916-17ರ ಚಳಿಗಾಲದಲ್ಲಿ ಆಲೂಗಡ್ಡೆ ಬೆಳೆಯೂ ಕೈಕೊಟ್ಟಾಗ ಜರ್ಮನ್ ಜನ ದನಗಳ ಮೇವಾಗಿದ್ದ ಟರ್ನಿಪ್ ಗಡ್ಡೆ ತಿಂದು ಬದುಕಿದರು. 1916ರ ಮೇ ಕೊನೆಯಲ್ಲಿ ಜಟ್ಲೆಂಡ್ ಬಳಿ ನಡೆದ ನೌಕಾಕಾಳಗದಲ್ಲಿ ಬ್ರಿಟನ್ನಿಗೇ ಹೆಚ್ಚು ಹಡಗುಗಳ ನಷ್ಟವಾದರೂ ದಿಗ್ಬಂಧನ ಸಡಿಲಲಿಲ್ಲ.

ಇದಕ್ಕೆ ಜರ್ಮನಿ ಕೊಟ್ಟ ಉತ್ತರ ಜಲಾಂತರ್ಗಾಮಿ ಹಡಗು. 1915ರ ಮೇ 7ರಂದು 'ಲೂಸಿಟಾನಿಯಾ' ಪ್ರಯಾಣಿಕ ಹಡಗನ್ನು ಅದು ಮುಳುಗಿಸಿದಾಗ 1,198 ಮಂದಿ ಸತ್ತರು, ಅವರಲ್ಲಿ 128 ಅಮೆರಿಕನ್ನರು. ಅಮೆರಿಕದ ಸಿಟ್ಟಿಗೆ ಅಂಜಿ ಸ್ವಲ್ಪ ಕಾಲ ತಡೆದ ಜರ್ಮನಿ, 1917ರ ಫೆಬ್ರವರಿ 1ರಿಂದ ಎಚ್ಚರಿಕೆಯಿಲ್ಲದೆ ಯಾವ ಹಡಗನ್ನಾದರೂ ಮುಳುಗಿಸುವ ನೀತಿಗೆ ಮರಳಿತು. ಅಮೆರಿಕ ಯುದ್ಧಕ್ಕೆ ಬಂದರೂ ಅದರ ಸೈನ್ಯ ಸಜ್ಜಾಗುವುದರೊಳಗೆ ಬ್ರಿಟನ್ ಹಸಿದು ಶರಣಾಗುತ್ತದೆ ಎಂಬ ಲೆಕ್ಕಾಚಾರ ಅದರದು. ಹಡಗುಗಳನ್ನು ಗುಂಪು ಕಟ್ಟಿ ಬೆಂಗಾವಲಿನಲ್ಲಿ ಸಾಗಿಸುವ ಕ್ರಮ ಜಾರಿಗೆ ಬಂದ ಮೇಲೆ ಆ ಲೆಕ್ಕಾಚಾರವೂ ಕೈಕೊಟ್ಟಿತು.

1917: ಕ್ರಾಂತಿ ಮತ್ತು ಅಮೆರಿಕ

ರಷ್ಯಾದಲ್ಲಿ ರೊಟ್ಟಿಯ ಅಭಾವ, ರಣರಂಗದ ಸೋಲು, ಆಡಳಿತದ ಅಸಮರ್ಥತೆ ಒಟ್ಟುಗೂಡಿ 1917ರ ಮಾರ್ಚ್‌ನಲ್ಲಿ ಝಾರ್ ಸಿಂಹಾಸನ ತ್ಯಜಿಸಿದ. ಆಮೇಲೆ ಬಂದ ಹಂಗಾಮಿ ಸರ್ಕಾರ ಯುದ್ಧ ಮುಂದುವರಿಸಿ ಜನರ ನಂಬಿಕೆ ಕಳೆದುಕೊಂಡಿತು. ನವೆಂಬರ್‌ನಲ್ಲಿ ಲೆನಿನ್ ನೇತೃತ್ವದ ಬೋಲ್ಶೆವಿಕರು ಅಧಿಕಾರ ಹಿಡಿದರು. 1918ರ ಮಾರ್ಚ್ 3ರ ಬ್ರೆಸ್ಟ್-ಲಿಟೊವ್ಸ್ಕ್ ಒಪ್ಪಂದದಲ್ಲಿ ರಷ್ಯಾ ಅಪಾರ ಭೂಭಾಗ ಬಿಟ್ಟುಕೊಟ್ಟು ಯುದ್ಧದಿಂದ ಹೊರಬಂತು.

ಅಮೆರಿಕ 1917ರ ಏಪ್ರಿಲ್ 6ರಂದು ಜರ್ಮನಿಯ ಮೇಲೆ ಯುದ್ಧ ಸಾರಿತು. ಜಲಾಂತರ್ಗಾಮಿಗಳ ದಾಳಿಯ ಜೊತೆಗೆ, ಅಮೆರಿಕದ ವಿರುದ್ಧ ಮೆಕ್ಸಿಕೊವನ್ನು ಎತ್ತಿಕಟ್ಟಲು ಜರ್ಮನ್ ವಿದೇಶಾಂಗ ಮಂತ್ರಿ ಝಿಮ್ಮರ್‌ಮನ್ ಕಳಿಸಿದ್ದ ಗುಪ್ತ ತಂತಿ ಬಯಲಾದದ್ದೂ ಇದಕ್ಕೆ ಕಾರಣ. ಅದೇ ವರ್ಷ ವ್ಯರ್ಥ ದಾಳಿಗಳಿಂದ ರೋಸಿದ ಫ್ರೆಂಚ್ ಸೈನಿಕರ ಹಲವು ತುಕಡಿಗಳು ಇನ್ನು ದಾಳಿಗೆ ಹೋಗುವುದಿಲ್ಲವೆಂದು ಹಟ ಹಿಡಿದವು. ಬೆಲ್ಜಿಯಂನ ಪ್ಯಾಶೆಂಡೇಲ್‌ನ ಕೆಸರಿನಲ್ಲಿ ಬ್ರಿಟಿಷ್ ಸೇನೆ, ಕಪೊರೆಟ್ಟೊದಲ್ಲಿ ಇಟಲಿಯ ಸೇನೆ ತತ್ತರಿಸಿದವು.

ಭಾರತ ಮತ್ತು ಮೈಸೂರು

ಭಾರತದಿಂದ 13 ಲಕ್ಷಕ್ಕೂ ಹೆಚ್ಚು ಸೈನಿಕರೂ ಶ್ರಮಿಕರೂ ಈ ಯುದ್ಧದಲ್ಲಿ ದುಡಿದರು. ಸುಮಾರು 74,000 ಮಂದಿ ಮರಳಿ ಬರಲಿಲ್ಲ. 1914ರ ಸೆಪ್ಟೆಂಬರ್ ಕೊನೆಗೆ ಭಾರತೀಯ ಪಡೆಗಳು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದವು. ಚಳಿಗೆ ತಕ್ಕ ಬಟ್ಟೆಯೂ ಇಲ್ಲದೆ ಅವು ಈಪ್ರ್, ನವ್ ಶಾಪೆಲ್ ಕಾಳಗಗಳಲ್ಲಿ ಹೋರಾಡಿದವು. ಅತಿ ಹೆಚ್ಚು ಭಾರತೀಯರು ಹೋದದ್ದು ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ. ಅಲ್ಲಿ ಕೂತ್ ಪಟ್ಟಣದಲ್ಲಿ ಮುತ್ತಿಗೆಗೆ ಸಿಕ್ಕ ಬ್ರಿಟಿಷ್-ಭಾರತೀಯ ಪಡೆ ಹಸಿವಿನಿಂದ ಕಂಗೆಟ್ಟು 1916ರ ಏಪ್ರಿಲ್ 29ರಂದು ಶರಣಾಯಿತು. ಸೆರೆಸಿಕ್ಕ ಸಾವಿರಾರು ಸೈನಿಕರು ಬಿಸಿಲಿನ ದೀರ್ಘ ನಡಿಗೆಯಲ್ಲಿ, ಸೆರೆಶಿಬಿರಗಳಲ್ಲಿ ಸತ್ತರು. ಮರುವರ್ಷದ ಮಾರ್ಚ್‌ನಲ್ಲಿ ಬಾಗ್ದಾದ್ ಬ್ರಿಟಿಷರ ವಶವಾಯಿತು.

ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು, ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸನ್ನೂ ಕಳಿಸಿದರು. ಈ ದಳ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆಯ ಕಾವಲಿಗೆ ನಿಂತಿತು, ಬಳಿಕ ಪ್ಯಾಲೆಸ್ಟೈನ್‌ಗೆ ಸಾಗಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಬಂದರನ್ನು ಗೆಲ್ಲುವ ಹೊಣೆ ಮೈಸೂರು ಮತ್ತು ಜೋಧಪುರದ ಅಶ್ವದಳಗಳಿಗೆ ಬಂತು. ಒಂದು ಪಕ್ಕದಲ್ಲಿ ಕಾರ್ಮೆಲ್ ಬೆಟ್ಟ, ಇನ್ನೊಂದು ಪಕ್ಕದಲ್ಲಿ ಕಿಶೋನ್ ಹೊಳೆಯ ಜೌಗು, ಬೆಟ್ಟದ ಮೇಲೆ ಶತ್ರುವಿನ ಫಿರಂಗಿಗಳು. ಮೈಸೂರು ದಳದ ಒಂದು ತುಕಡಿ ಕಡಿದಾದ ಬೆಟ್ಟ ಹತ್ತಿ ಫಿರಂಗಿಗಳ ನೆಲೆಯ ಮೇಲೆ ಎರಗಿತು. ಜೋಧಪುರದವರು ಮೇಜರ್ ದಳಪತ್ ಸಿಂಗ್ ನೇತೃತ್ವದಲ್ಲಿ ಮಶೀನ್ ಗನ್ನುಗಳ ಎದುರಿಗೇ ನುಗ್ಗಿದರು, ಆ ದಾಳಿಯಲ್ಲಿ ದಳಪತ್ ಸಿಂಗ್ ಮಡಿದರು. ಸಂಜೆಯೊಳಗೆ ಊರು ಕೈವಶವಾಗಿ, ಸಾವಿರಕ್ಕೂ ಹೆಚ್ಚು ಜರ್ಮನ್ ಮತ್ತು ತುರ್ಕಿ ಸೈನಿಕರು ಸೆರೆಯಾದರು. ಮೈಸೂರು, ಜೋಧಪುರ, ಹೈದರಾಬಾದ್ ದಳಗಳ ನೆನಪಿಗೆ ದೆಹಲಿಯ ತೀನ್ ಮೂರ್ತಿಯಲ್ಲಿ ಮೂವರು ಯೋಧರ ಕಂಚಿನ ಪ್ರತಿಮೆಗಳಿವೆ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ.

ಯುದ್ಧ ನಾಡಿನ ಉದ್ಯಮಗಳನ್ನೂ ತಟ್ಟಿತು. ಮೈಸೂರಿನ ಗಂಧದ ಮರ ಅಲ್ಲಿಯವರೆಗೆ ಎಣ್ಣೆ ತೆಗೆಯಲು ಮುಖ್ಯವಾಗಿ ಜರ್ಮನಿಗೆ ಹೋಗುತ್ತಿತ್ತು. ಯುದ್ಧದಿಂದ ಆ ವ್ಯಾಪಾರ ಕಡಿದುಹೋಗಿ ಗಂಧದ ಕೊರಡುಗಳು ರಾಶಿಬಿದ್ದವು. ದಿವಾನ ವಿಶ್ವೇಶ್ವರಯ್ಯನವರ ಸರ್ಕಾರ ಎಣ್ಣೆಯನ್ನು ಇಲ್ಲೇ ತೆಗೆಯಲು ನಿರ್ಧರಿಸಿತು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ತಯಾರಾಯಿತು, ಮೈಸೂರಿನಲ್ಲೂ ಕಾರ್ಖಾನೆ ಬಂತು. ಅದರ ಮುಂದುವರಿಕೆಯೇ ಮೈಸೂರು ಸ್ಯಾಂಡಲ್ ಸೋಪು. ಕರಾವಳಿಯಲ್ಲಿ ಇದರ ವಿರುದ್ಧದ ಕಥೆ. ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ, ಅಚ್ಚುಕೂಟ, ನೇಯ್ಗೆಶಾಲೆಗಳನ್ನು ನಡೆಸುತ್ತಿದ್ದ ಬಾಸೆಲ್ ಮಿಷನ್‌ನಲ್ಲಿ ಜರ್ಮನ್ನರು ಬಹಳ ಮಂದಿ ಇದ್ದುದರಿಂದ ಸರ್ಕಾರ ಅವರನ್ನು ಶತ್ರುದೇಶದವರೆಂದು ಬಂಧನದಲ್ಲಿಟ್ಟಿತು. ಮಿಷನ್ನಿನ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು.

ಕೊನೆಯ ವರ್ಷ

ರಷ್ಯಾ ಹೊರಬಿದ್ದದ್ದರಿಂದ ಬಿಡುವಾದ ಪಡೆಗಳನ್ನು ಜರ್ಮನಿ ಪಶ್ಚಿಮಕ್ಕೆ ತಂದು, ಅಮೆರಿಕನ್ನರು ಪೂರ್ಣಸಂಖ್ಯೆಯಲ್ಲಿ ಬರುವ ಮೊದಲೇ ಗೆಲ್ಲಲು 1918ರ ಮಾರ್ಚ್ 21ರಂದು ಕೊನೆಯ ದೊಡ್ಡ ದಾಳಿ ಹೂಡಿತು. ಕೆಲವೆಡೆ ಅರವತ್ತು ಕಿಲೋಮೀಟರ್ ಮುನ್ನುಗ್ಗಿತಾದರೂ, ದಣಿದ ಸೈನ್ಯಕ್ಕೆ ಊಟ, ಮದ್ದುಗುಂಡು ಒದಗಿಸಲಾಗದೆ ನಿಂತಿತು. ಆಗಸ್ಟ್ 8ರಂದು ಫ್ರಾನ್ಸಿನ ಅಮಿಯೆಂ ಬಳಿ ಮಿತ್ರಪಕ್ಷ ಟ್ಯಾಂಕು, ವಿಮಾನ, ಫಿರಂಗಿಗಳನ್ನು ಒಗ್ಗೂಡಿಸಿ ತಿರುಗೇಟು ಕೊಟ್ಟಿತು. ಅಲ್ಲಿಂದ ಜರ್ಮನಿ ಹಿಂದೆ ಸರಿಯುತ್ತಲೇ ಹೋಯಿತು.

ಸೆಪ್ಟೆಂಬರ್ ಕೊನೆಯಿಂದ ನವೆಂಬರ್ 3ರೊಳಗೆ ಜರ್ಮನಿಯ ಜೊತೆಗಿದ್ದ ಬಲ್ಗೇರಿಯಾ, ಒಟ್ಟೊಮನ್ ಸಾಮ್ರಾಜ್ಯ, ಆಸ್ಟ್ರಿಯಾ-ಹಂಗೇರಿ ಒಂದೊಂದಾಗಿ ಶಸ್ತ್ರ ಕೆಳಗಿಟ್ಟವು. ಜರ್ಮನ್ ನಾವಿಕರು ಬಂಡೆದ್ದರು. ನವೆಂಬರ್ 9ರಂದು ಕೈಸರ್‌ನ ಪದತ್ಯಾಗ ಪ್ರಕಟವಾಯಿತು. ನವೆಂಬರ್ 11ರ ಬೆಳಿಗ್ಗೆ 11 ಗಂಟೆಗೆ ಕದನವಿರಾಮ ಜಾರಿಗೆ ಬಂತು.

ಆದರೆ ಸಾವು ನಿಲ್ಲಲಿಲ್ಲ. ಸೈನಿಕರ ಓಡಾಟದೊಡನೆ ಹಬ್ಬಿದ 1918ರ ಇನ್‌ಫ್ಲುಯೆಂಜಾ ಯುದ್ಧಕ್ಕಿಂತ ಹೆಚ್ಚು ಜನರನ್ನು ಕೊಂದಿತು. ಭಾರತದಲ್ಲಿ ಸತ್ತವರೇ ಒಂದು ಕೋಟಿಗೂ ಹೆಚ್ಚು. ಭಾರತದ ಜನಗಣತಿಯ ಇತಿಹಾಸದಲ್ಲಿ ಜನಸಂಖ್ಯೆ ಇಳಿದ ಏಕೈಕ ದಶಕ 1911-21.

ಶಾಂತಿ ಒಪ್ಪಂದ ಮತ್ತು ಅದರ ಫಲ

1919ರ ಜೂನ್ 28ರಂದು ವರ್ಸೇಲ್ಸ್ ಒಪ್ಪಂದಕ್ಕೆ ಸಹಿಯಾಯಿತು. ಭಾರತದ ಪರವಾಗಿ ಬಿಕಾನೇರದ ಮಹಾರಾಜ ಗಂಗಾ ಸಿಂಗ್ ಕೂಡ ಸಹಿ ಹಾಕಿದರು. ಆಲ್ಸಾಸ್-ಲೊರೇನ್ ಫ್ರಾನ್ಸಿಗೆ ಮರಳಿತು. ಜರ್ಮನಿಯ ಸೈನ್ಯ ಒಂದು ಲಕ್ಷಕ್ಕೆ ಸೀಮಿತವಾಯಿತು, ವಸಾಹತುಗಳು ಹೋದವು. ಒಪ್ಪಂದದ 231ನೆಯ ವಿಧಿ ಯುದ್ಧದ ನಷ್ಟಕ್ಕೆ ಜರ್ಮನಿ ಮತ್ತು ಅದರ ಮಿತ್ರರನ್ನು ಹೊಣೆ ಮಾಡಿತು. 1921ರಲ್ಲಿ ಪರಿಹಾರದ ಮೊತ್ತ 13,200 ಕೋಟಿ ಚಿನ್ನದ ಮಾರ್ಕ್ ಎಂದು ನಿಗದಿಯಾಯಿತು. ಈ ಅವಮಾನದ ನೋವನ್ನು ಹಿಟ್ಲರ್ ಮುಂದೆ ತನ್ನ ರಾಜಕೀಯದ ಬಂಡವಾಳ ಮಾಡಿಕೊಂಡ.

ಪೋಲೆಂಡ್ ಮತ್ತೆ ಸ್ವತಂತ್ರವಾಯಿತು. ಚೆಕೊಸ್ಲೊವಾಕಿಯಾ, ಯುಗೊಸ್ಲಾವಿಯಾಗಳು ಹುಟ್ಟಿದವು. ಆದರೆ ಪ್ರತಿಯೊಂದು ಜನಾಂಗವೂ ತನ್ನ ಆಡಳಿತವನ್ನು ತಾನೇ ನಿರ್ಧರಿಸಬೇಕೆಂಬ ಸ್ವಯಂನಿರ್ಣಯದ ತತ್ವ ಯೂರೋಪಿನಾಚೆಗೆ ಅನ್ವಯಿಸಲಿಲ್ಲ. ಅರಬರಿಗೆ ಸ್ವಾತಂತ್ರ್ಯದ ಆಸೆ ತೋರಿಸಿದ್ದ ಬ್ರಿಟನ್, 1916ರಲ್ಲೇ ಫ್ರಾನ್ಸಿನೊಡನೆ ಅವರ ನಾಡನ್ನು ಹಂಚಿಕೊಳ್ಳುವ ಗುಪ್ತ ಒಪ್ಪಂದ ಮಾಡಿಕೊಂಡಿತ್ತು. 1917ರ ಬಾಲ್ಫರ್ ಘೋಷಣೆಯಲ್ಲಿ ಪ್ಯಾಲೆಸ್ಟೈನಿನಲ್ಲಿ ಯಹೂದಿಗಳಿಗೆ ರಾಷ್ಟ್ರೀಯ ನೆಲೆಯ ಭರವಸೆಯನ್ನೂ ಕೊಟ್ಟಿತು. ಪಶ್ಚಿಮ ಏಷ್ಯಾದ ಇಂದಿನ ಹಲವು ಕಲಹಗಳ ಬೇರು ಅಲ್ಲಿದೆ. ನೆರವಿಗೆ ಪ್ರತಿಯಾಗಿ ಸ್ವರಾಜ್ಯದ ಹೆಜ್ಜೆ ನಿರೀಕ್ಷಿಸಿದ್ದ ಭಾರತಕ್ಕೆ ಸಿಕ್ಕಿದ್ದು ದಮನಕಾರಿ ರೌಲಟ್ ಕಾಯಿದೆ ಮತ್ತು 1919ರ ಏಪ್ರಿಲ್ 13ರ ಜಲಿಯನ್‌ವಾಲಾಬಾಗ್ ಹತ್ಯಾಕಾಂಡ.

ಹೊಣೆ ಯಾರದು?

ಈ ಪ್ರಶ್ನೆ ಇಂದಿಗೂ ಚರ್ಚೆಯಲ್ಲಿದೆ. ಜರ್ಮನಿಯ ಆಳುವ ವರ್ಗದ ವಿಸ್ತರಣೆಯ ಹಂಬಲವೇ ಮುಖ್ಯ ಕಾರಣವೆಂದು ಜರ್ಮನ್ ಇತಿಹಾಸಕಾರ ಫ್ರಿಟ್ಸ್ ಫಿಶರ್ 1961ರಲ್ಲಿ ವಾದಿಸಿದಾಗ ಅವರ ದೇಶದಲ್ಲೇ ದೊಡ್ಡ ವಿವಾದವಾಯಿತು. 2012ರಲ್ಲಿ ಇತಿಹಾಸಕಾರ ಕ್ರಿಸ್ಟೊಫರ್ ಕ್ಲಾರ್ಕ್, ಎಲ್ಲ ರಾಜಧಾನಿಗಳ ನಾಯಕರೂ ಮುಂದಿನ ಅಪಾಯ ಕಾಣದೆ ಯುದ್ಧದೊಳಗೆ ನಡೆದುಹೋದರೆಂದು ಬರೆದರು.

ವಿಯೆನ್ನಾ ಮತ್ತು ಬರ್ಲಿನ್ನಿನ ಪಾಲು ಹೆಚ್ಚಿನದು ಎಂಬುದು ಜುಲೈ ತಿಂಗಳ ಘಟನಾವಳಿಯಿಂದ ಸ್ಪಷ್ಟ. ಸರ್ಬಿಯಾವನ್ನು ಹೊಡೆಯಲೇಬೇಕೆಂದು ಮೊದಲು ನಿರ್ಧರಿಸಿದವರು ಅವರು. ಆದರೆ ಬೇರೆ ರಾಜಧಾನಿಗಳೂ ತಮ್ಮ ಸರದಿ ಬಂದಾಗ ಹಿಂದೆ ಸರಿಯಲಿಲ್ಲ. ಬಹಳ ಮಂದಿ ಯುದ್ಧ ಬೇಗ ಮುಗಿಯುತ್ತದೆ ಎಂದು ನಂಬಿದ್ದರು. ಯುದ್ಧಕ್ಕಿಂತ ತಡಮಾಡುವುದೇ ಹೆಚ್ಚು ಅಪಾಯ ಎಂದು ಭಾವಿಸಿದ್ದರು. 1905ರಲ್ಲಿ, 1911ರಲ್ಲಿ ಮಾತುಕತೆಗೆ ಕೊಟ್ಟ ಸಮಯವನ್ನು 1914ರಲ್ಲಿ ಯಾರೂ ಕೊಡಲಿಲ್ಲ. ಮೊದಲ ಮಹಾಯುದ್ಧ ವಿಧಿಯ ಆಟವೂ ಅಲ್ಲ, ಆಕಸ್ಮಿಕವೂ ಅಲ್ಲ. ಬೆರಳೆಣಿಕೆಯ ಅಧಿಕಾರಸ್ಥರು ಕೆಲವೇ ವಾರಗಳಲ್ಲಿ ಮಾಡಿದ ಆಯ್ಕೆಗಳ ಫಲ ಅದು. ಆ ಆಯ್ಕೆಗಳಲ್ಲಿ ಯಾವ ಮಾತೂ ಇಲ್ಲದಿದ್ದ ಪಂಜಾಬಿನ ರೈತ, ಸೆನೆಗಲ್‌ನ ಸಿಪಾಯಿ, ಮೈಸೂರಿನ ಸವಾರ, ಬರ್ಲಿನ್ನಿನ ತಾಯಿ ಅದರ ಬೆಲೆ ತೆತ್ತರು. ಯುದ್ಧದ ಮಾತು ಎದ್ದಾಗಲೆಲ್ಲ, ಯಾರು ಅವಸರಪಡಿಸುತ್ತಿದ್ದಾರೆ, ಯಾಕೆ ಅವಸರಪಡಿಸುತ್ತಿದ್ದಾರೆ ಎಂದು ಕೇಳುವುದು ಪ್ರತಿಯೊಬ್ಬ ನಾಗರಿಕನ ಹಕ್ಕು ಮತ್ತು ಹೊಣೆ.